ಸಿನಿಮಾದಲ್ಲಿ ಇರೋ ಹಾಗೇ ಲೈಟ್‌ಸೇಬರ್ ಹಿಡಿಕೆ ಮನೆಯಲ್ಲಿ ಮಾಡೋದು ಹೇಗೆ?

ನೀವು ಕೇಳಿರುವುದು ಇಷ್ಟು: 1977ರ 'ಸ್ಟಾರ್ ವಾರ್ಸ್' ಸಿನಿಮಾದಲ್ಲಿ ನಾಯಕ ಲೂಕ್ ಹಿಡಿಯುವ ಲೈಟ್‌ಸೇಬರ್‌ನ, ಅಂದರೆ ಬೆಳಕಿನ ಅಲಗಿರುವ ಕತ್ತಿಯ, ಹಿಡಿಕೆಯನ್ನು ಮನೆಯಲ್ಲೇ ಮಾಡಬೇಕು. 3ಡಿ ಪ್ರಿಂಟರ್ ಇದೆ. ಒಂದು ಸಲ ಪ್ರಿಂಟ್ ಮಾಡಿ ಬೆಳ್ಳಿ ಬಣ್ಣ ಹೊಡೆದು ನೋಡಿದಿರಿ. ಆಟಿಕೆ ಸಾಮಾನಿನ ಹಾಗೆ ಕಾಣುತ್ತಿದೆ. ಎಲ್ಲಿ ಎಡವಿದೆ ಅಂತ ಗೊತ್ತಾಗುತ್ತಿಲ್ಲ. ಬೆಳಗುವ ಅಲಗು ಹಾಕಬೇಕಾ ಅನ್ನೋದೂ ತಿಳಿಯಬೇಕು.

ನನ್ನ ಮೊದಲನೆಯದೂ ಹಾಗೇ ಇತ್ತು. ಎರಡನೆಯದರ ಗತಿಯೂ ಅಷ್ಟೇ. ಮೂರನೆಯದು ಈಗ ಟೇಬಲ್ ಮೇಲಿದೆ. ಬಂದವರು ಅದನ್ನು ಕೈಗೆ ತಗೊಂಡು ತೂಕ ನೋಡುತ್ತಾರೆ, ಬಟನ್ ಒತ್ತುತ್ತಾರೆ, ಏನೂ ಆಗದಿದ್ದಾಗ ನನ್ನ ಮುಖ ನೋಡುತ್ತಾರೆ. ಮೊದಲಿನ ಎರಡಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪ್ರಿಂಟರ್‌ನಲ್ಲಿ ಇಲ್ಲ. ನೀವೂ ನಾನು ಮಾಡಿದ ತಪ್ಪನ್ನೇ ಮಾಡುತ್ತಿದ್ದೀರಿ: ಬಾಹ್ಯಾಕಾಶದ ಕತ್ತಿಯೊಂದನ್ನು ನಕಲು ಮಾಡಲು ಹೊರಟಿದ್ದೀರಿ. ಆದರೆ ಅದು ಹುಟ್ಟಿನಿಂದ ಕತ್ತಿಯೇ ಅಲ್ಲ. ಗ್ರಾಫ್ಲೆಕ್ಸ್ ಅನ್ನುವ ಹಳೇ ಪ್ರೆಸ್ ಕ್ಯಾಮೆರಾದ ಫ್ಲ್ಯಾಶ್‌ಗನ್ ಹಿಡಿಕೆ. ಸಿನಿಮಾದ ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಅವರಿಗೆ ಅದು ಲಂಡನ್‌ನ ಫೋಟೋಗ್ರಫಿ ಅಂಗಡಿಯೊಂದರಲ್ಲಿ ಸಿಕ್ಕಿತು. ಕೆಳಗಿನ ಅರ್ಧಕ್ಕೆ ಟಿ ಆಕಾರದ ಕಪ್ಪು ಪಟ್ಟಿಗಳನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದರು. ನಡುವಿನ ಕ್ಲ್ಯಾಂಪ್‌ನಲ್ಲಿ (ಕೊಳವೆ ಸುತ್ತ ಬಿಗಿಯುವ ಬಳೆ) ಹಳೇ ಕ್ಯಾಲ್ಕುಲೇಟರ್‌ನ ಲೆನ್ಸ್ ಪಟ್ಟಿಯನ್ನು ತೂರಿಸಿದರು. ಅಂಕಿಗಳು ದೊಡ್ಡದಾಗಿ ಕಾಣಲಿ ಅಂತ ಡಿಸ್‌ಪ್ಲೇ ಮೇಲೆ ಗುಳ್ಳೆ ಗುಳ್ಳೆಯಾಗಿ ಇರುತ್ತಿತ್ತಲ್ಲ, ಅದೇ. ಬೆಲ್ಟಿಗೆ ನೇತುಹಾಕಲು ಬುಡದಲ್ಲಿ ಒಂದು ರಿಂಗ್. ಮುಗೀತು.

ಅದೇ ಸಿನಿಮಾದಲ್ಲಿ ಲೂಕ್‌ನ ಗುರು ಓಬಿ-ವಾನ್ ಹಿಡಿಯುವ ಕತ್ತಿಯ ಕಥೆ ಇನ್ನೂ ಚೆನ್ನಾಗಿದೆ. ಅದರಲ್ಲಿ ಜೆಟ್ ಎಂಜಿನ್ನಿನ ಪೈಪಿನ ತುಂಡಿದೆ, ಹಳೇ ರೈಫಲ್ ಗ್ರೆನೇಡಿನ ಭಾಗವಿದೆ, ಜೊತೆಗೆ ನಲ್ಲಿಯ ತಿರುಪು!

ಹಾಗಾಗಿ ಸಿನಿಮಾದ ಫೋಟೋ ಮುಚ್ಚಿಟ್ಟು ಗ್ರಾಫ್ಲೆಕ್ಸ್ ಫ್ಲ್ಯಾಶ್‌ನ ಫೋಟೋ ತೆರೆಯಿರಿ. ಕೆಂಪು ಬಟನ್ ಯಾಕಿದೆ? ಫ್ಲ್ಯಾಶ್ ಹಾರಿಸೋಕೆ. ಮೇಲೆ ಮೊಲದ ಕಿವಿ ಥರ ಎದ್ದು ನಿಂತ ಎರಡು ಕೊಂಡಿ ಯಾಕೆ? ಬೆಳಕಿನ ಬೋಗುಣಿಯನ್ನು ಹಿಡಿದಿಡೋಕೆ. ಕ್ಲ್ಯಾಂಪ್‌ಗೆ ಸನ್ನೆ (ಲಿವರ್) ಯಾಕೆ? ಬಿಗಿ ಮಾಡಿ ಸಡಿಲಿಸೋಕೆ. ಒಂದೊಂದು ಭಾಗಕ್ಕೂ ಕೆಲಸ ಇತ್ತು ಅಂತ ಗೊತ್ತಾದ ಮೇಲೆ ನಿಮ್ಮ ಕೈ ಬೇರೆ ಥರ ಓಡುತ್ತದೆ. ಬಟನ್ನನ್ನು ಪೈಪಿಗೆ ಅಂಟಿದ ಗುಬುಟು ಥರ ಮಾಡಲ್ಲ. ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ಕೂರಿಸುತ್ತೀರಿ. ಆಟಿಕೆಯಲ್ಲಿ ಎಲ್ಲವೂ ಒಂದೇ ಅಚ್ಚಿನಿಂದ ಬಂದಿರುತ್ತೆ, ನಿಜವಾದ ಸಾಮಾನಿನಲ್ಲಿ ಭಾಗಗಳ ನಡುವೆ ಕಪ್ಪು ಗೆರೆ ಇರುತ್ತೆ. ಕಣ್ಣು ಮೊದಲು ಹಿಡಿಯುವುದು ಆ ಗೆರೆಯನ್ನೇ.

ಇನ್ನು ಅಳತೆ. ಇದರ ಮೇಲೆ ಸ್ವಲ್ಪ ಜಾಸ್ತಿನೇ ಬರೀತೀನಿ, ನನ್ನ ಎರಡು ತಿಂಗಳು ಹಾಳಾಗಿದ್ದು ಇಲ್ಲೇ.

ಮೊದಲ ಸಲ ಸಿನಿಮಾದ ದೃಶ್ಯಗಳನ್ನು ನಿಲ್ಲಿಸಿ, ಪರದೆ ಮೇಲೆ ಸ್ಕೇಲ್ ಇಟ್ಟು ಅನುಪಾತ ಲೆಕ್ಕ ಹಾಕಿದ್ದೆ. ಪ್ರತಿ ದೃಶ್ಯದಲ್ಲೂ ಬೇರೆ ಬೇರೆ ಲೆಕ್ಕ ಬಂತು. ಬರಲೇಬೇಕು. ಕ್ಯಾಮೆರಾ ಹತ್ತಿರ ಇದ್ದರೆ ಮುಂದಿನ ತುದಿ ಊದಿಕೊಳ್ಳುತ್ತೆ, ಹಿಂದಿನ ತುದಿ ಸಣ್ಣಗಾಗುತ್ತೆ. ಸರಾಸರಿ ತೆಗೆದು ಮಾಡಿದ ಹಿಡಿಕೆ ಬಾಳೆದಿಂಡಿನ ಹಾಗೆ ದಪ್ಪಗಾಯಿತು.

ಆಮೇಲೆ ಹೊಳೆದದ್ದು: ಆ ಫ್ಲ್ಯಾಶ್ ಒಳಗೆ ಮೂರು ದೊಡ್ಡ ಟಾರ್ಚ್ ಸೆಲ್ ಕೂರುತ್ತಿದ್ದವು. ಡಿ ಸೈಜಿನವು. ಆ ಸೆಲ್ ಇವತ್ತಿಗೂ ಅದೇ ಅಳತೆಯಲ್ಲಿ ಸಿಗುತ್ತದೆ. ಅಡ್ಡಳತೆ ಸುಮಾರು 34 ಮಿ.ಮೀ., ಉದ್ದ ಸುಮಾರು 61 ಮಿ.ಮೀ. ಮೂರು ಸೆಲ್ ಸಾಲಾಗಿ ಇಟ್ಟರೆ 18 ಸೆಂ.ಮೀ. ದಾಟುತ್ತದೆ. ಅಂದರೆ ಕೊಳವೆಯ ಒಳಗಿನ ಅಳತೆ 34ಕ್ಕಿಂತ ಚೂರು ಜಾಸ್ತಿ ಇರಲೇಬೇಕು. ಹೊರಗಿನ ಅಳತೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಇಷ್ಟು ಸಿಕ್ಕರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ದೂರದಿಂದ ನೇರವಾಗಿ ತೆಗೆದ ಒಂದೇ ಒಂದು ಫೋಟೋ ಹುಡುಕಿ. ಕೊಳವೆ ಕಾಗದದ ಮೇಲೆ ಸರಿಯಾಗಿ 38 ಮಿ.ಮೀ. ಬರುವ ಹಾಗೆ ಪ್ರಿಂಟ್ ಹಾಕಿ. ಆಮೇಲೆ ಬಟನ್, ಕ್ಲ್ಯಾಂಪ್, ಪಟ್ಟಿ ಎಲ್ಲವನ್ನೂ ಆ ಕಾಗದದ ಮೇಲೇ ಅಳೆಯಿರಿ. ಬೇರೆ ಯಾವ ಪ್ರಾಪ್ (ಸಿನಿಮಾದಲ್ಲಿ ಬಳಸುವ ಸಾಮಾನು) ಮಾಡುವುದಾದರೂ ದಾರಿ ಇದೇ. ಫೋಟೋದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಹುಡುಕಿ. ಸೆಲ್ಲೋ, ಸ್ಕ್ರೂ ತಲೆಯೋ, ಯಾವುದಾದರೂ ಆದೀತು.

ಇನ್ನೊಂದು ಮಾತು. 1977ರ ಹಿಡಿಕೆಯೂ 1980ರ ಎರಡನೇ ಸಿನಿಮಾದ ಹಿಡಿಕೆಯೂ ಒಂದೇ ಥರ ಇಲ್ಲ. ಎರಡನೆಯದರ ಕ್ಲ್ಯಾಂಪ್‌ನಲ್ಲಿ ಗುಳ್ಳೆ ಪಟ್ಟಿಯ ಬದಲು ಬಂಗಾರದ ಬಣ್ಣದ ಗೆರೆಗಳಿರುವ ಸರ್ಕ್ಯೂಟ್ ತುಂಡಿದೆ. ಎರಡನ್ನೂ ಕಲಸಿ ಮಾಡಿದರೆ ಗೊತ್ತಿರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಒಂದನ್ನು ಆರಿಸಿಕೊಳ್ಳಿ.

ಸಾಮಗ್ರಿ ವಿಷಯಕ್ಕೆ ಬಂದರೆ, ಎಲ್ಲವನ್ನೂ ಪ್ರಿಂಟ್ ಮಾಡುವ ಹಟ ಬಿಡಿ. ಕೊಳವೆಗೆ 38 ಮಿ.ಮೀ. ಹೊರಳತೆ, 1.5 ಮಿ.ಮೀ. ದಪ್ಪದ ಅಲ್ಯೂಮಿನಿಯಮ್ ಪೈಪ್ ತಗೊಳ್ಳಿ. ಮುಟ್ಟಿದಾಗ ತಣ್ಣಗಿರುತ್ತಲ್ಲ, ಆ ತಂಪನ್ನು ಯಾವ ಸ್ಪ್ರೇ ಬಣ್ಣವೂ ಕೊಡಲ್ಲ. ಹ್ಯಾಕ್ಸಾದಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, 400ರ ಉಪ್ಪುಕಾಗದದಿಂದ ಶುರು ಮಾಡಿ 2000ದವರೆಗೆ ನೀರು ಹಾಕಿ ಉಜ್ಜಿ. ಕೊನೆಗೆ ಮೆಟಲ್ ಪಾಲಿಶ್. ಒಂದು ನಂಬರ್ ಹಾರಿಸಿದರೂ ಹಳೇ ಗೀರು ಕೊನೆಯಲ್ಲಿ ಹೊಳೆದು ನಗುತ್ತೆ. ಆಗ ಮತ್ತೆ ಹಿಂದಕ್ಕೆ ಹೋಗಬೇಕು.

ಪ್ರಿಂಟರ್ ಬೇಕಾಗುವುದು ಕ್ಲ್ಯಾಂಪ್, ಬಟನ್ ಸುತ್ತಲಿನ ಬಳೆ, ಮೊಲದ ಕಿವಿ, ಬುಡದ ಮುಚ್ಚಳ ಇವಕ್ಕೆ. ಪದರದ ದಪ್ಪ 0.12 ಮಿ.ಮೀ. ಇಟ್ಟರೆ ಆಮೇಲೆ ಉಜ್ಜುವ ಕೆಲಸ ಕಡಿಮೆ. ಫಿಲ್ಲರ್ ಪ್ರೈಮರ್ (ಸಣ್ಣ ಗೆರೆ ತುಂಬುವ ಅಡಿಬಣ್ಣ) ಹೊಡೆಯಿರಿ, ಒಣಗಲಿ, ಉಜ್ಜಿ, ಮತ್ತೆ ಹೊಡೆಯಿರಿ. ಬೆರಳಿಗೆ ಗೆರೆ ತಾಗದೇ ಇರುವವರೆಗೂ ಇದೇ. ಬೇಜಾರಿನ ಕೆಲಸ, ಆದರೆ ಅಡ್ಡದಾರಿ ಇಲ್ಲ. ಮಾಸ್ಕ್ ಹಾಕದೇ ಮಾತ್ರ ಉಜ್ಜಬೇಡಿ, ಸ್ಪ್ರೇಯೂ ಹೊಡೆಯಬೇಡಿ.

ನನ್ನ ಎರಡನೇ ಹಿಡಿಕೆ ಸತ್ತ ಕಥೆ ಕೇಳಿ. ಭಾಗಗಳೆಲ್ಲ ಬಣ್ಣ ಹೊಡೆಯುವ ಮುಂಚೆ ಸಲೀಸಾಗಿ ಕೂರುತ್ತಿದ್ದವು. ಖುಷಿಯಾಗಿ ಪ್ರೈಮರ್ ಮೂರು ಕೋಟು, ಕಪ್ಪು ಎರಡು ಕೋಟು, ಕ್ರೋಮ್ ಎರಡು ಕೋಟು ಹೊಡೆದೆ. ರಾತ್ರಿ ಹನ್ನೊಂದಕ್ಕೆ ಜೋಡಿಸಲು ಕೂತರೆ ಕ್ಲ್ಯಾಂಪ್ ಕೊಳವೆ ಮೇಲೆ ಅರ್ಧ ದಾರಿಗೆ ಬಂದು ನಿಂತಿತು. ಬಣ್ಣಕ್ಕೂ ದಪ್ಪ ಇರುತ್ತೆ ಅನ್ನೋದು ತಲೆಗೇ ಬಂದಿರಲಿಲ್ಲ. ಇನ್ನು ಚೂರು, ಇನ್ನು ಚೂರು ಅಂತ ಒತ್ತಿದೆ. 'ಟಕ್' ಅಂತ ಸಣ್ಣ ಸದ್ದು. ಪದರದ ಗುಂಟ ಸೀಳು. ಅದೂ ಸಾಲದು ಅಂತ, ಉಳಿದಿದ್ದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತೆ. 3ಡಿ ಪ್ರಿಂಟರ್‌ಗೆ ಹಾಕುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ. ಸಂಜೆ ನೋಡಿದರೆ ಒಂದು ಮೊಲದ ಕಿವಿ ಬಾಡಿದ ಎಲೆಯ ಹಾಗೆ ಜೋತುಬಿದ್ದಿತ್ತು.

ಅದಕ್ಕೇ ಹೇಳೋದು, ಒಂದರೊಳಗೊಂದು ಕೂರುವ ಕಡೆ ಸುತ್ತಲೂ 0.3 ಮಿ.ಮೀ. ಸಂದು ಬಿಡಿ, ಒಳಮೈಗೆ ಬಣ್ಣ ತಾಗದ ಹಾಗೆ ಟೇಪ್ ಹಚ್ಚಿ. ಅಂಟು ಹಾಕುವ ಮುಂಚೆ ಎಲ್ಲವನ್ನೂ ಒಂದು ಸಲ ಒಣದಾಗಿ ಜೋಡಿಸಿ ನೋಡಿ, ಬಣ್ಣ ಆದ ಮೇಲೆ ಇನ್ನೊಂದು ಸಲ.

ಕ್ರೋಮ್ ಸ್ಪ್ರೇ ಬಗ್ಗೆ ನನಗೆ ಈಗ ನಂಬಿಕೆ ಇಲ್ಲ. ಹೊಡೆಯಲೇಬೇಕು ಅಂದರೆ ಕೆಳಗೆ ಹೊಳೆಯುವ ಕಪ್ಪು ಇರಬೇಕು, ಕ್ರೋಮ್ ತೀರ ತೆಳ್ಳಗಿರಬೇಕು, ಮೇಲೆ ಕ್ಲಿಯರ್ ಕೋಟು ಹೊಡೆಯಬಾರದು. ಹೊಡೆದರೆ ಹೆಚ್ಚಿನವು ಬೂದಿ ಬಣ್ಣಕ್ಕೆ ತಿರುಗುತ್ತವೆ. ಇಷ್ಟೆಲ್ಲ ಮಾಡಿ ನಿಜವಾದ ಅಲ್ಯೂಮಿನಿಯಮ್ ಕೊಳವೆ ಪಕ್ಕ ಇಟ್ಟರೆ ಮೋಸ ಬಯಲಾಗುತ್ತೆ. ನಾನು ಮೂರನೆಯದರಲ್ಲಿ ಕ್ಲ್ಯಾಂಪ್‌ಗೆ ಬಣ್ಣವನ್ನೇ ಹೊಡೆಯಲಿಲ್ಲ. ಅಂಟಿರುವ ಅಲ್ಯೂಮಿನಿಯಮ್ ಟೇಪ್ ಸಿಗುತ್ತಲ್ಲ, ಪೈಪಿನ ಸಂದಿಗೆ ಸುತ್ತುವಂಥದ್ದು, ಅದನ್ನು ಅಳತೆಗೆ ಕತ್ತರಿಸಿ ಹಚ್ಚಿದೆ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ತೀಡುತ್ತಾ ಹೋದರೆ ಸುಕ್ಕೆಲ್ಲ ಹೊರಗೆ ಓಡುತ್ತೆ. ಅಂಚು ಚಮಚದ ಒತ್ತಿಗೆ ಮಡಚಿ ಒಳಗೆ ಸೇರಿಕೊಳ್ಳುತ್ತೆ. ಆಮೇಲೆ ಅದೇ ಮೆಟಲ್ ಪಾಲಿಶ್. ಕೊಳವೆಯೂ ಕ್ಲ್ಯಾಂಪೂ ಒಂದೇ ಲೋಹ, ಹೊಳಪೂ ಒಂದೇ.

ಹಳೇದಾಗಿ ಕಾಣಿಸಲು ಕಪ್ಪಿಗೆ ಚೂರು ಕಂದು ಸೇರಿಸಿ, ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಇಡೀ ಹಿಡಿಕೆಗೆ ಬಳಿಯಿರಿ. ಒಂದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ. ಸಂದಿಗಳಲ್ಲಿ ಮಾತ್ರ ಉಳಿಯಬೇಕು. ಗೀರು ಹಾಕುವುದಿದ್ದರೆ ಕೈ ನಿಜವಾಗಿ ಉಜ್ಜುವ ಜಾಗದಲ್ಲಿ ಹಾಕಿ. ಎಲ್ಲ ಕಡೆ ಸಮನಾಗಿ ಗೀರಿದರೆ ಬೆಕ್ಕು ಪರಚಿದ ಹಾಗೆ ಕಾಣುತ್ತೆ.

ತೂಕಕ್ಕೆ ಮೊದಲು ಮೂರು ಹಳೇ ಡಿ ಸೆಲ್‌ಗಳನ್ನೇ ಒಳಗೆ ಬಿಟ್ಟೆ. ಒಂದಾದ ಮೇಲೊಂದು ಸುಯ್ ಅಂತ ಜಾರಿ ಕೂತವು. ಅಳತೆ ಸರಿ ಇದೆ ಅಂತ ಮನಸ್ಸಿಗೆ ಸಮಾಧಾನ ಆಗಿದ್ದು ಅವತ್ತೇ. ಆದರೆ ಬಹಳ ದಿನ ಬಿಡಬೇಡಿ, ಆಲ್ಕಲೈನ್ ಸೆಲ್ ಸೋರಿದರೆ ಅಲ್ಯೂಮಿನಿಯಮ್ಮನ್ನು ತಿನ್ನುತ್ತೆ. ಈಗ ಬಟ್ಟೆಯಲ್ಲಿ ಸುತ್ತಿದ ನಟ್ಟು ಬೋಲ್ಟು ತುಂಬಿದ್ದೇನೆ.

ಬೆಳಗುವ ಅಲಗು ಹಾಕಬೇಕಾ ಅಂತಲೂ ಕೇಳಿದ್ದಿರಿ. ನನ್ನ ಮಾತು ಕೇಳಿದರೆ ಬೇಡ. 1977ರಲ್ಲಿ ಚಿತ್ರೀಕರಣಕ್ಕೆ ಬಳಸಿದ್ದೇ ಬೆಳಕನ್ನು ವಾಪಸ್ ಎಸೆಯುವ ವಸ್ತು ಸುತ್ತಿದ, ಮೋಟಾರಿನಿಂದ ತಿರುಗುವ ಕೋಲು. ಹೊಳಪು ಆಮೇಲೆ ಫಿಲ್ಮಿನ ಮೇಲೆ ಬಂತು. ಬೆಲ್ಟಿನಲ್ಲಿ ನೇತಾಡುವ ಹಿಡಿಕೆಗೆ ಅಲಗೇ ಇರಲಿಲ್ಲ. ಎಲ್‌ಇಡಿ, ಸ್ಪೀಕರ್ ತುರುಕಲು ಹೋದರೆ ಕೊಳವೆಗೆ ತೂತು ಕೊರೆಯಬೇಕು, ಆಮೇಲೆ ಅದು ಫ್ಲ್ಯಾಶ್ ಹಿಡಿಕೆಯಾಗಿ ಉಳಿಯಲ್ಲ.

ಕೊನೇ ಕೆಲಸ ಕಪ್ಪು ಪಟ್ಟಿಗಳು. ಕೊಳವೆಗೆ ಕಾಗದ ಸುತ್ತಿ, ಸುತ್ತಳತೆಯನ್ನು ಸಮಭಾಗ ಮಾಡಿ ಗುರುತು ಹಾಕಿಕೊಳ್ಳಿ. ಸೂಪರ್ ಗ್ಲೂ ಕಡ್ಡಿಯ ತುದಿಯಲ್ಲಿ ಹನಿಯಷ್ಟೇ ಹಾಕಿ. ಜಾಸ್ತಿಯಾದರೆ ಅದರ ಆವಿ ಪಕ್ಕದ ಕಪ್ಪಿನ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತೆ. ನನ್ನದರಲ್ಲಿ ಎರಡನೇ ಪಟ್ಟಿ ಸ್ವಲ್ಪ ವಾಲಿದೆ. ಕಿತ್ತರೆ ಕೆಳಗಿನ ಪಾಲಿಶ್ ಹೋಗುತ್ತೆ ಅಂತ ಹಾಗೇ ಬಿಟ್ಟಿದ್ದೇನೆ.

ನಿಮ್ಮ ಕ್ಲ್ಯಾಂಪ್‌ನ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಎಲ್ಲಿ ಹಿಗ್ಗಿಸಬೇಕು ಅಂತ ನೋಡಿ ಹೇಳ್ತೀನಿ.