ನಿಮ್ಮ ಲೇಖನದಲ್ಲಿ ಬೆರಳೇ ಇಲ್ಲ

ನವಿ ಮುಂಬಯಿ ಐರೋಲಿಯ ಗೆಳೆಯರಿಗೆ ನಮಸ್ಕಾರ.

ಬಯೋಮೆಟ್ರಿಕ್ ಸಂಶೋಧನೆಯ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಹನ್ನೆರಡು ಪುಟದ ಲೇಖನ ಓದಿದೆ. ಬೆರಳಚ್ಚು, ಐರಿಸ್ (ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಉಂಗುರ), ಮುಖ ಇವನ್ನು ನೋಡಿ ಯಂತ್ರ ಒಬ್ಬರ ಗುರುತನ್ನು ಹೇಗೆ ಖಚಿತ ಮಾಡುತ್ತದೆ ಎಂಬುದು ವಿಷಯ. ನೀವು ಇದೇ ಕೆಲಸದಲ್ಲಿ ಇರುವವರು, ವಿಷಯ ಗೊತ್ತಿದೆ. ಭಾಷೆಯಲ್ಲಿ ತಪ್ಪಿಲ್ಲ. ವಿಜ್ಞಾನಿ ಜಾನ್ ಡಾಗ್‌ಮನ್ ಐರಿಸ್‌ನ ವಿನ್ಯಾಸವನ್ನು 2048 ಬಿಟ್‌ಗಳಿಗೆ, ಅಂದರೆ ಅಷ್ಟು ಸೊನ್ನೆ-ಒಂದುಗಳ ಸಾಲಿಗೆ, ಇಳಿಸಿದ ಬಗೆಯನ್ನು ವಿವರಿಸುವ ಪುಟ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಏಳನೇ ಪುಟದ ಒಂದು ಸಾಲು ನನಗೆ ಸಿಟ್ಟು ತರಿಸಿತು. ಈ ಪತ್ರ ಇಷ್ಟು ಉದ್ದ ಆಗಿರುವುದು ಅದರಿಂದಲೇ.

"ಕೆಲವು ವಯೋವೃದ್ಧರಿಗೆ ಹಾಗೂ ಶ್ರಮಿಕರಿಗೆ ಸಣ್ಣಪುಟ್ಟ ಅಡಚಣೆಗಳು ಉಂಟಾಗುವ ಸಾಧ್ಯತೆ ಇದೆ."

ಅವರ ಬಗ್ಗೆ ನೀವು ಬರೆದಿರುವುದು ಇಷ್ಟೇ. ಮೋಸಗಾರನಿಗೆ ಮಾತ್ರ ಎರಡು ಪುಟ ಕೊಟ್ಟಿದ್ದೀರಿ. ಜಪಾನಿನ ಸಂಶೋಧಕ ತ್ಸುತೊಮು ಮತ್ಸುಮೊಟೊ 2002ರಲ್ಲಿ ಜೆಲಟಿನ್‌ನಿಂದ ಬೆರಳು ಮಾಡಿ ಸ್ಕ್ಯಾನರುಗಳನ್ನು ಏಮಾರಿಸಿ ತೋರಿಸಿದ್ದನ್ನು ಪತ್ತೇದಾರಿ ಕತೆಯ ಹಾಗೆ ಬರೆದಿದ್ದೀರಿ. ಸುಳ್ಳು ಬೆರಳು ಹಿಡಿದು ಒಳಗೆ ಹೋದವನಿಗೆ ಎರಡು ಪುಟ, ಸ್ವಂತ ಬೆರಳು ಇಟ್ಟುಕೊಂಡು ವಾಪಸ್ ಬಂದವರಿಗೆ ಒಂದು ಸಾಲು.

ಡೊಂಬಿವಲಿಯಲ್ಲಿ ನನ್ನ ಅಕ್ಕ ಇದ್ದಾಳೆ. ಊರಲ್ಲಿ ಬೀಡಿ ಕಟ್ಟಿದಳು. ಮುಂಬಯಿ ಕಡೆಗೆ ಬಂದ ಮೇಲೆ ಒಂದು ಮೆಸ್ಸಿನಲ್ಲಿ ಪಾತ್ರೆ ತಿಕ್ಕಿ ಮಕ್ಕಳನ್ನು ಓದಿಸಿದಳು, ಈಗಲೂ ಸುಮ್ನೆ ಕೂರುವವಳಲ್ಲ. ಅವಳ ಹೆಬ್ಬೆರಳು ಸವೆದ ರುಬ್ಬುಕಲ್ಲಿನ ಹಾಗೆ ನುಣ್ಣಗಾಗಿದೆ. ಒಮ್ಮೆ ಅವಳ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಬೆರಳಚ್ಚು ತಾಳೆ ನೋಡುವ ಇ-ಪಾಸ್ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಇಟ್ಟಳು. ಆಗಲಿಲ್ಲ. "ಆಜಿ, ಬೋಟ್ ನೀಟ್ ಪುಸಾ" ಎಂದ ಅಂಗಡಿಯವ ಮರಾಠಿಯಲ್ಲಿ, ಅಜ್ಜಿ, ಬೆರಳು ಸರಿಯಾಗಿ ಒರೆಸಿ ಅಂತ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ತೋರುಬೆರಳು ಇಟ್ಟಳು. ಆಮೇಲೆ ಎಡಗೈ. ಹಿಂದಿನ ಹೆಂಗಸು ತಲೆಗೆ ಹಚ್ಚಿದ ಎಣ್ಣೆಯನ್ನೇ ಬೆರಳಿಗೆ ತಿಕ್ಕಿಕೋ ಎಂದಳು. ಅದೂ ಆಯಿತು. ಕೊನೆಗೆ ನಾಳೆ ಬನ್ನಿ ಅಂದರು. ದಾರಿಯಲ್ಲಿ ಅಕ್ಕ ಅಕ್ಕಿಯ ಮಾತೇ ಎತ್ತಲಿಲ್ಲ. "ಅಷ್ಟು ಜನರ ಎದುರು ನನ್ನನ್ನ ಕಳ್ಳಿ ಹಾಗೆ ನಿಲ್ಲಿಸಿಬಿಟ್ರಲ್ಲ" ಅಂದಳು.

ಇದು ಸಣ್ಣಪುಟ್ಟ ಅಡಚಣೆಯಾ? ಸಣ್ಣದು ಅಂತ ಅಳೆದವರು ಯಾರು?

ನಾನು ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಆಮೇಲೆ ಒಂದು ಕನ್ನಡ ಪತ್ರಿಕೆಯಲ್ಲಿ ಕರಡು ತಿದ್ದಲು ಸೇರಿಕೊಂಡೆ. ಅಲ್ಲಿನ ಸಂಪಾದಕರು ನಮ್ಮ ಬರಹವನ್ನು ನಮ್ಮಿಂದಲೇ ಜೋರಾಗಿ ಓದಿಸುತ್ತಿದ್ದರು. ಪ್ರತಿ ವಾಕ್ಯಕ್ಕೂ ಕೈ ಎತ್ತಿ ತಡೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರು?" 1982ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಜೊತೆಯವನೊಬ್ಬ "ಕಾರ್ಮಿಕರು ಸಂಕಷ್ಟಕ್ಕೆ ಸಿಲುಕಿದ್ದಾರೆ" ಅಂತ ಬರೆದು ತಂದ. ಯಾರು ಅಂದರು. ಅವನು ಸುಮ್ಮನಾದ. ನಮ್ಮಿಬ್ಬರ ಕೈಗೂ ಬಸ್ಸಿನ ದುಡ್ಡು ಕೊಟ್ಟು ಗಿರಣಿಗಳಿದ್ದ ಲಾಲ್‌ಬಾಗಿಗೆ ಕಳಿಸಿದರು. ಕೆಲಸ ಸಿಗುತ್ತದೋ ಇಲ್ಲವೋ ಅಂತ ದಿನವೂ ಗಿರಣಿ ಬಾಗಿಲಲ್ಲಿ ಕಾಯುತ್ತಿದ್ದ ಬದಲಿ ಕಾರ್ಮಿಕರ ಖೋಲಿಗಳಲ್ಲಿ ಕೂತು ಬಂದೆವು. ಅಂಗಡಿಯವರು ಯಾರಿಗೆ ಉದ್ರಿ ನಿಲ್ಲಿಸಿದರು, ಯಾರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು ಎಲ್ಲ ಗೊತ್ತಾಯಿತು. ಆಮೇಲೆ ಅವನು ಬರೆದದ್ದು ಬೇರೆಯೇ ಲೇಖನ. ಆ ಪ್ರಶ್ನೆ ಇವತ್ತಿಗೂ ನನ್ನ ಕೈಯಲ್ಲಿದೆ. ಅದನ್ನು ಹಿಡಿದುಕೊಂಡೇ ನಿಮ್ಮ ಸಾಲುಗಳಿಗೆ ಬರುತ್ತೇನೆ.

ಎರಡನೇ ಪುಟ. "1858ರಲ್ಲಿ ಬಂಗಾಳದಲ್ಲಿ ಒಪ್ಪಂದಪತ್ರವೊಂದರ ಮೇಲೆ ಹಸ್ತಮುದ್ರೆಯನ್ನು ಪಡೆಯಲಾಯಿತು." ಯಾರು ಪಡೆದರು, ಯಾರ ಹಸ್ತ? ಪಡೆದವರು ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ. ಕೈ ಕೊಟ್ಟವನು ರಸ್ತೆಗೆ ಜಲ್ಲಿ ಒದಗಿಸಲು ಒಪ್ಪಿಕೊಂಡ ಗುತ್ತಿಗೆದಾರ ರಾಜ್ಯಧರ ಕೋನಾಯಿ. ಅಂಗೈಗೆ ಮಸಿ ಬಳಿದು ಕಾಗದಕ್ಕೆ ಒತ್ತಿಸಿದರು. ಮುಂದೆ ಈತ ಮಾತು ತಪ್ಪಬಾರದು, ಸಹಿ ನನ್ನದಲ್ಲ ಅನ್ನಬಾರದು ಎಂಬ ಅನುಮಾನದಿಂದ ಮಾಡಿಸಿದ್ದು ಅದು. ಈ ವಿದ್ಯೆ ಹುಟ್ಟಿದ್ದೇ ಅನುಮಾನದಲ್ಲಿ. ಎಂಥ ಆರಂಭ ನಿಮ್ಮ ಕೈಯಲ್ಲಿತ್ತು! "ಪಡೆಯಲಾಯಿತು" ಎಂದು ಮುಗಿಸಿಬಿಟ್ಟಿರಿ.

ಮೂರನೇ ಪುಟ. "ಕಲ್ಕತ್ತಾದಲ್ಲಿ ಬೆರಳಚ್ಚುಗಳ ವರ್ಗೀಕರಣ ಪದ್ಧತಿಯನ್ನು ರೂಪಿಸಲಾಯಿತು, 1897ರಲ್ಲಿ ಬೆರಳಚ್ಚು ಬ್ಯೂರೋ ತೆರೆಯಲಾಯಿತು." ಯಾರು ರೂಪಿಸಿದರು? ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಪದ್ಧತಿಗೆ ಉಳಿದ ಹೆಸರು ಮಾತ್ರ ಅವರ ಪೊಲೀಸ್ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಆ ಇಬ್ಬರ ಹೆಸರನ್ನು ನೀವೂ ಬಿಟ್ಟರೆ ಹೇಗೆ?

ನಾಲ್ಕನೇ ಪುಟಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. "ಯಂತ್ರವು ಕ್ಷಣಾರ್ಧದಲ್ಲಿ ವ್ಯಕ್ತಿಯನ್ನು ನಿಖರವಾಗಿ ಗುರುತಿಸುತ್ತದೆ." ಯಂತ್ರ ಹಾಗೆ ಮಾಡುವುದಿಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬೆರಳಿನ ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬ ಗುರುತುಗಳನ್ನು ಅದು ಹೆಕ್ಕುತ್ತದೆ. ಮೊದಲೇ ತೆಗೆದಿಟ್ಟ ಗುರುತುಗಳ ಜೊತೆ ಹೋಲಿಸಿ ಒಂದು ಅಂಕ ಕೊಡುತ್ತದೆ. ಅಷ್ಟೇ. ಎಷ್ಟು ಅಂಕ ಬಂದರೆ ಪಾಸು ಅಂತ ಗೆರೆ ಎಳೆದಿಡುವುದು ಮನುಷ್ಯ. ಆ ಗೆರೆಯನ್ನು ಮೇಲೆ ಏರಿಸಿದರೆ ಮೋಸಗಾರರು ಹೊರಗೆ ಉಳಿಯುತ್ತಾರೆ, ಜೊತೆಗೆ ನನ್ನ ಅಕ್ಕನೂ. ಇಳಿಸಿದರೆ ಅಕ್ಕ ಒಳಗೆ ಬರುತ್ತಾಳೆ, ಬೇರೆಯವರೂ ನುಸುಳಬಹುದು. ಒಂದು ತಪ್ಪು ಕಡಿಮೆ ಮಾಡಿದರೆ ಇನ್ನೊಂದು ಜಾಸ್ತಿಯಾಗುತ್ತದೆ. ಗೆರೆ ಎಲ್ಲಿಡಬೇಕು ಎನ್ನುವುದೇ ನಿಮ್ಮ ವಿಷಯದ ಹೃದಯ. ಅದನ್ನು ಬರೆಯದೆ ನಿಖರ ಎಂಬ ಪದವನ್ನು ಆ ಒಂದೇ ಪುಟದಲ್ಲಿ ಮತ್ತೆ ಮತ್ತೆ ಬರೆದಿದ್ದೀರಿ.

ಅದೇ ಪುಟದಲ್ಲಿ ಇನ್ನೊಂದು ಕಲಬೆರಕೆ ಇದೆ. ಆಧಾರ್ ಮಾಡಿಸುವಾಗ ಹತ್ತು ಬೆರಳು, ಎರಡೂ ಐರಿಸ್ ತೆಗೆದು, ಈ ಮನುಷ್ಯ ಮೊದಲೇ ಇದ್ದಾನಾ ಅಂತ ದಾಖಲೆಗಳ ಇಡೀ ಕಣಜದಲ್ಲಿ ಹುಡುಕುತ್ತಾರೆ. ರೇಷನ್ ಅಂಗಡಿಯಲ್ಲಿ ಆಗುವುದು ಬೇರೆ. ಅಕ್ಕ ತನ್ನ ಸಂಖ್ಯೆ ಹೇಳುತ್ತಾಳೆ, ಅವಳು ಇಟ್ಟ ಬೆರಳನ್ನು ಆ ಒಂದು ಸಂಖ್ಯೆಯ ದಾಖಲೆ ಜೊತೆ ಮಾತ್ರ ತಾಳೆ ನೋಡುತ್ತಾರೆ. ಮೊದಲನೆಯ ಕಡೆ ಹತ್ತು ಬೆರಳು ಕೊಡುವ ಬಲವನ್ನು ಎರಡನೆಯ ಕಡೆ ಒಂದು ಸವೆದ ಬೆರಳಿಗೆ ಕೊಟ್ಟುಬಿಟ್ಟಿದ್ದೀರಿ. ಓದುಗರು ನಂಬುತ್ತಾರೆ, ಯಾಕೆಂದರೆ ನೀವು ಎಂಜಿನಿಯರ್.

ಐದನೇ ಪುಟದ "ಬೆರಳಚ್ಚು ಆಜೀವ ಬದಲಾಗದು" ಕೂಡ ಅರ್ಧ ಸತ್ಯ. ತಾಯಿಯ ಹೊಟ್ಟೆಯಲ್ಲಿ ಮೂಡಿದ ವಿನ್ಯಾಸ ಉಳಿಯುತ್ತದೆ, ನಿಜ. ಆದರೆ ಯಂತ್ರಕ್ಕೆ ಸಿಗುವುದು ಇವತ್ತಿನ ಚರ್ಮ. ವಯಸ್ಸಾದಂತೆ ಅದು ಒಣಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಸುಣ್ಣ, ಸಿಮೆಂಟು, ಸೋಪಿನ ನೀರು ಗೆರೆಗಳನ್ನು ತಿನ್ನುತ್ತವೆ.

ಸಂಶೋಧಕರೆಲ್ಲ ಹೀಗೆ ದೂರ ನಿಂತು ನೋಡಿದವರಲ್ಲ. "ಶಿಶುಗಳ ಕುರಿತೂ ಅಧ್ಯಯನಗಳು ನಡೆದಿವೆ" ಅಂತ ನೀವು ಹಾರಿಸಿಬಿಟ್ಟ ಆ ಕೆಲಸವನ್ನೇ ನೋಡಿ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅನಿಲ್ ಜೈನ್ ಅವರ ತಂಡ ಆಗ್ರಾದ ದಯಾಲ್‌ಬಾಗ್‌ನ ಆಸ್ಪತ್ರೆಗೆ ಹೋಗಿ ಕೂಸುಗಳ ಪುಟ್ಟ ಬೆರಳುಗಳನ್ನು ಹಿಡಿದು ಅಚ್ಚು ತೆಗೆಯಿತು. ಇಂಚಿಗೆ 500 ಚುಕ್ಕೆಯ ಮಾಮೂಲಿ ಸ್ಕ್ಯಾನರ್‌ಗೆ ಅಷ್ಟು ಸಣ್ಣ ಗೆರೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಅವರು ಹೆಚ್ಚು ಸೂಕ್ಷ್ಮದ ಸ್ಕ್ಯಾನರನ್ನೇ ತಂದರು. ಬೆರಳಿಗೆ ತಕ್ಕಂತೆ ಯಂತ್ರ ಬದಲಾಯಿತು. ಅಕ್ಕನಿಗೆ ಮಾತ್ರ ಬೆರಳು ಒರೆಸು ಅನ್ನುತ್ತಾರೆ, ಅಲ್ವಾ?

ಮುಖದ ಬಗ್ಗೆ ಬರೆದ ಭಾಗಕ್ಕೆ ನಾನು ಕೈ ಹಾಕುವುದಿಲ್ಲ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿರಸ್ಕರಿಸಿಲ್ಲ. ಎರಡು ಕೆಲಸ ಮಾಡಿ. ಮೊದಲು ಯಾವುದಾದರೂ ರೇಷನ್ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತು, ಯಾರ ಬೆರಳು ಹಿಡಿಯಲಿಲ್ಲ, ಅವರು ಏನು ಕೆಲಸ ಮಾಡುವವರು ಅಂತ ಕೇಳಿ ಬರೆದುಕೊಳ್ಳಿ. ಎರಡನೆಯದು, ನಿಮ್ಮ ಆಫೀಸಿನಲ್ಲಿ ಆ ಪಾಸಿನ ಅಂಕ ಗೊತ್ತು ಮಾಡುವವರು ಯಾರು ಅಂತ ಹುಡುಕಿ, ಅಷ್ಟೇ ಯಾಕೆ ಇಟ್ಟಿರಿ ಅಂತ ಕೇಳಿ. ಹೆಸರು ಹಾಕುವುದು ಬೇಡ, ಅವರು ಹೇಳಿದ ಕಾರಣ ಸಾಕು. ಆಮೇಲೆ ಆರು ಪುಟದಲ್ಲಿ ಬರೆದು ಕಳಿಸಿ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ, ಅದರ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.