ದೆವ್ವಕ್ಕೆ ಅಷ್ಟು ಅವಸರ ಯಾಕೆ?

ನಮಸ್ಕಾರ. ಹೊಸನಗರದಿಂದ ನೀವು ಕಳಿಸಿದ ಹಡಗಿನ ಕಥೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಮಲೆನಾಡಿನವರಿಗೆ ಉತ್ತರ ಧ್ರುವದ ಕಡೆಯ ಹಡಗಿನ ಉಸಾಬರಿ ಯಾಕೆ ಅಂತ ಕೇಳುವವನು ನಾನಲ್ಲ. ಧಾರಾಳವಾಗಿ ಬರೆಯಿರಿ. 1845ರಲ್ಲಿ ಇಂಗ್ಲೆಂಡಿನಿಂದ ಹೊರಟ ಎರೆಬಸ್ ಮತ್ತು ಟೆರರ್ ಅನ್ನುವ ಎರಡು ಹಡಗು, ವಾಪಸ್ ಬಾರದ 129 ಜನ. ವಸ್ತು ಗಟ್ಟಿಯಾಗಿದೆ. ತೊಂದರೆ ಇರುವುದು ನಿಮ್ಮ ದೆವ್ವದ್ದು. ಮೂರನೇ ಪ್ಯಾರಾದಲ್ಲೇ ಕೆಂಪು ಕಣ್ಣಿನ ಬಿಳಿ ಆಕೃತಿ ಹಡಗು ಹತ್ತಿಬಿಡುತ್ತದೆ. ಓದುವವನೇ ಇನ್ನೂ ಹತ್ತಿರುವುದಿಲ್ಲ! ಆಮೇಲೆ ‘ಎದೆ ಝಲ್ಲೆಂದಿತು’ ಅಂತ ಒಂಬತ್ತು ಕಡೆ ಇದೆ. ಎಣಿಸಿದೆ. ನನ್ನ ಎದೆ ಒಂದು ಸಲವೂ ಝಲ್ಲೆನ್ನಲಿಲ್ಲ.

ಹೆದರಿಸಬೇಕಾದ ಜಾಗವನ್ನು ‘ಹೀಗೆ ದಿನಗಳು ಉರುಳಿದವು’ ಅಂತ ಒಂದೇ ಸಾಲಿನಲ್ಲಿ ದಾಟಿದ್ದೀರಿ. ಹಡಗುಗಳು ಮಂಜುಗಡ್ಡೆಗೆ ಸಿಕ್ಕಿಕೊಂಡಿದ್ದು 1846ರ ಸೆಪ್ಟೆಂಬರಿನಲ್ಲಿ, ಉಳಿದವರು ಅವನ್ನು ಬಿಟ್ಟು ನಡೆದದ್ದು 1848ರ ಏಪ್ರಿಲಿನಲ್ಲಿ. ಹತ್ತೊಂಬತ್ತು ತಿಂಗಳು ಸ್ವಾಮಿ! ನಡುವೆ ಒಂದು ಬೇಸಿಗೆ ಬಂದು ಹೋಯಿತು, ದಾರಿ ಬಿಡಲಿಲ್ಲ. ಅಂದಹಾಗೆ, ನಿಮ್ಮ ಕ್ಯಾಪ್ಟನ್ ಡಿಸೆಂಬರಿನಲ್ಲಿ ಸೂರ್ಯೋದಯ ನೋಡುತ್ತಾನೆ. ಆ ಕಡೆ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಪುಕ್ಕಟೆ ಸಿಕ್ಕ ಕತ್ತಲೆಯನ್ನು ಯಾರಾದರೂ ಬಿಡ್ತಾರಾ?

ನಿಮ್ಮ ಚಳಿ ಸಿನಿಮಾದ ಚಳಿ. ಹಲ್ಲು ಕಟಕಟ, ಬಿಳಿ ಉಸಿರು, ಅಷ್ಟೇ. ಹಿಮ ನೀವೂ ಕಂಡಿಲ್ಲ, ನಾನೂ ಕಂಡಿಲ್ಲ. ಆದರೆ ಥಂಡಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆಷಾಢದಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದರೂ ಒಣಗದ ಬಟ್ಟೆ. ಹೊದ್ದರೂ ಬೆಚ್ಚಗಾಗದ ಕಂಬಳಿ. ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು. ಚಳಿಗಾಲ ಕಳೆಯುವ ಅಂಥ ಹಡಗುಗಳ ಒಳಗೂ ಇದೇ ಕಾಟ. ಟೆರರ್‌ನಲ್ಲಿ ಅರವತ್ತಕ್ಕೂ ಜಾಸ್ತಿ ಜನ. ಅಷ್ಟೂ ಜನರ ಉಸಿರು, ಅಡುಗೆಯ ಹಬೆ ಮೇಲೇರಿ, ಹಲಗೆಯ ಅಡಿಯಲ್ಲಿ ನೀರಾಗಿ, ಗಡ್ಡೆಗಟ್ಟಿ, ಮತ್ತೆ ಮಲಗಿದವರ ಮುಖದ ಮೇಲೇ ತೊಟ್ಟಿಕ್ಕುತ್ತದೆ. ಸತ್ತವನ ಉಸಿರೂ ಆ ಹಲಗೆಗೆ ಅಂಟಿಕೊಂಡಿರುತ್ತದೆ ಅಂದುಕೊಳ್ಳಿ. ಕೆಂಪು ಕಣ್ಣು ಬೇಕಾ ಇನ್ನು?

ಇನ್ನೊಂದು. ಹಡಗುಗಳು ಸಿಕ್ಕಿಕೊಂಡ ಜಾಗದ ಹತ್ತಿರದ ಕಿಂಗ್ ವಿಲಿಯಂ ದ್ವೀಪದ ಕಲ್ಲುಗುಪ್ಪೆಯಲ್ಲಿ 1859ರಲ್ಲಿ ಒಂದು ಕಾಗದ ಸಿಕ್ಕಿತು. 1847ರ ಮೇ 28ರಂದು ಅದರಲ್ಲಿ ‘ಎಲ್ಲ ಕ್ಷೇಮ’ ಅಂತ ಬರೆದಿದ್ದರು. ಎರಡೇ ವಾರಕ್ಕೆ ಯಾತ್ರೆಯ ನಾಯಕ ಫ್ರಾಂಕ್ಲಿನ್ ತೀರಿಕೊಂಡ. ಮುಂದಿನ ಏಪ್ರಿಲಿನಲ್ಲಿ ಅದೇ ಕಾಗದ ತೆಗೆದು, ನಾವು ಇನ್‌ಲ್ಯಾಂಡ್ ಪತ್ರದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಸುತ್ತಿ ಸುತ್ತಿ ಬರೆಯುತ್ತಿದ್ದೆವಲ್ಲ, ಹಾಗೆ ಸೇರಿಸಿದರು: 24 ಜನ ಸತ್ತರು, ಹಡಗು ಬಿಟ್ಟಿದ್ದೇವೆ. ‘ಎಲ್ಲ ಕ್ಷೇಮ’ ಅನ್ನುವುದು ನಡುವೆ ಹಾಗೇ ಉಳಿಯಿತು. ನಿಮ್ಮ ಕಥೆಯಲ್ಲಿ ಈ ಕಾಗದವೇ ಇಲ್ಲ!

ಊಟದ ಡಬ್ಬಿಗಳ ಬೆಸುಗೆಯ ಸೀಸದಿಂದಲೇ ಎಲ್ಲರೂ ಸತ್ತರು ಅಂತ ತೀರ್ಪು ಕೊಟ್ಟಿದ್ದೀರಿ. ಸಂಶೋಧಕರ ಜಗಳವೇ ಇನ್ನೂ ಮುಗಿದಿಲ್ಲ, ನೀವು ಮುಗಿಸಬೇಡಿ.

ಆದರೆ ಹನ್ನೊಂದನೇ ಪುಟ! ಅಡುಗೆಯವನು ರಾತ್ರಿ ಒಬ್ಬನೇ ಕೂತು ಮಾಂಸದ ಡಬ್ಬಿಗಳನ್ನು ಬೆರಳಿನಿಂದ ಒಂದೊಂದಾಗಿ ತಟ್ಟಿ, ಕಿವಿಗೊಟ್ಟು, ಕೆಲವನ್ನು ಮಾತಾಡದೆ ಪಕ್ಕಕ್ಕಿಡುತ್ತಾನೆ. ಹಲಸಿನಹಣ್ಣು ತಟ್ಟಿ ನೋಡಿದ ಕೈ ಅದು, ನನಗೆ ಗೊತ್ತು. ಹಲಸನ್ನು ಕಥೆಗೆ ತರಬೇಡಿ, ಆ ಇಂಗ್ಲಿಷಿನವನು ಅದನ್ನು ಎಲ್ಲಿ ಕಂಡಿದ್ದಾನೆ? ಕೈ ಇರಲಿ. ಕಥೆ ಅಲ್ಲಿಂದ ಶುರುವಾಗಲಿ. ಹಿಂದಿನ ಹತ್ತು ಪುಟ ಒಲೆಗೆ ಹಾಕಿ, ಮಳೆಗಾಲ ಹೇಗೂ ಬಂತು.

ಮತ್ತೆ ಕಳಿಸುವಾಗ ಪುಟಗಳನ್ನು ಸರಿಯಾಗಿ ಜೋಡಿಸಿ. ಈ ಸಲ ಏಳನೇ ಪುಟ ಹದಿನೈದರ ಹಿಂದೆ ಸೇರಿತ್ತು. ಸತ್ತ ಕ್ಯಾಪ್ಟನ್ ಎದ್ದು ಬಂದು ಚಹಾ ಕೇಳಿದ. ನಿಜ ಹೇಳಬೇಕೆಂದರೆ, ನಾನು ಬೆಚ್ಚಿದ್ದು ಅಲ್ಲೊಂದೇ ಕಡೆ.