ಹೌಸಿಂಗ್ ಬಿಚ್ಚಿಸಬೇಡಿ, ಮೊದಲು ಶಾಫ್ಟಿನ ಕಿವಿ ನೋಡಿ

ಜೀಪನ್ನು ಎರಡು ಇಂಚು ಎತ್ತರ ಮಾಡಿಸಿದ್ದೀರಿ. ಆಮೇಲಿಂದ 50 ದಾಟಿದರೆ ನೆಲಹಾಸು ನಡುಗುತ್ತದೆ. ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಪೆಟ್ಟಿಗೆ) ಪೂರ್ತಿ ಬದಲಾಯಿಸಲಾ, ಅದರೊಳಗಿನ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್ ಮಾತ್ರ ಹಾಕಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಐದು ತಿಂಗಳು ಗ್ಯಾರೇಜುಗಳನ್ನು ಸುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಜೀಪು ಅಪ್ಪನ ಕಾಲದ್ದು. 2016ರ ಮಳೆಗಾಲದಲ್ಲಿ ಎಂಜಿನ್ನಿನ ತಿರುವನ್ನು ಹಿಂದಿನ ಹೌಸಿಂಗ್ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ತುದಿಯ ಕೂಡುಗೀಲಿನ ನಾಲ್ಕು ತೋಳಿನ ತುಂಡು, ಸವೆದಿತ್ತು. ಕ್ಲಚ್ ಬಿಟ್ಟ ಕೂಡಲೇ ಕೆಳಗಿಂದ ಟಕ್ ಅಂತ ಸದ್ದು. ಹೊಸ ಕ್ರಾಸ್ ತಂದು ತೋಟದ ಶೆಡ್ಡಿನಲ್ಲಿ ನಾನೇ ಹಾಕಿದೆ. ಸೂಜಿ ಬೇರಿಂಗ್ ಒಂದೂ ಜಾರಲಿಲ್ಲ, ಸರ್ಕ್ಲಿಪ್ ನಾಲ್ಕೂ ಗಟ್ಟಿಯಾಗಿ ಕೂತವು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಶಾಫ್ಟ್ ಹೇಗೂ ಕೈಗೆ ಬಂದಿದೆ ಅಂತ ಅದರ ಜಾರು ತುದಿಯನ್ನೂ ಎಳೆದು ಬಿಚ್ಚಿದೆ. ಹಳೆ ಜೀಪುಗಳ ಶಾಫ್ಟ್ ಎರಡು ತುಂಡಿನದು. ಒಂದರೊಳಗೆ ಒಂದು ಹಲ್ಲಿನ ಮೇಲೆ ಜಾರುತ್ತದೆ. ಹಳ್ಳ ಹತ್ತಿ ಇಳಿಯುವಾಗ ಶಾಫ್ಟ್ ಉದ್ದ ಗಿಡ್ಡ ಆಗಬೇಕಲ್ವಾ, ಅದಕ್ಕೆ. ಸೀಮೆಎಣ್ಣೆಯಲ್ಲಿ ತೊಳೆದೆ, ತುಕ್ಕು ಉಜ್ಜಿದೆ, ಎರಡೂ ತುಂಡಿಗೆ ಕಪ್ಪು ಬಣ್ಣ ಬಳಿದೆ. ಒಣಗಿದ ಮೇಲೆ ಗ್ರೀಸ್ ಹಾಕಿ ಒಂದರೊಳಗೆ ಒಂದು ತಳ್ಳಿದೆ. ಹಲ್ಲು ಸಲೀಸಾಗಿ ಒಳಗೆ ಹೋಯಿತು. ಸಲೀಸಾಗಿ ಹೋಯಿತು ಅಂದರೆ ಸರಿಯಾಗಿದೆ ಅಂದುಕೊಂಡೆ. ತಪ್ಪಾಗಿದ್ದು ಇಲ್ಲೇ.

ಆ ಎರಡು ತುಂಡಿನ ಮೇಲೂ ಬಾಣದ ಗುರುತು ಇರುತ್ತದೆ. ಬಾಣಕ್ಕೆ ಬಾಣ ಎದುರಾಗಬೇಕು. ನನ್ನ ಬಣ್ಣದಡಿ ಎರಡೂ ಮುಚ್ಚಿಹೋಗಿದ್ದವು. ಹಲ್ಲು ಯಾವ ಕೋನದಲ್ಲಾದರೂ ಕೂರುತ್ತದೆ, ಬೇಡ ಅನ್ನುವುದಿಲ್ಲ. ನನ್ನದು ಎರಡು ಹಲ್ಲು ಆಚೆ ಕೂತಿತ್ತು.

ಎರಡು ಹಲ್ಲಿಗೆ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಓರೆಯಾಗಿ ನಿಂತ ಕ್ರಾಸ್ ಸಮನಾಗಿ ತಿರುಗಿಸುವುದಿಲ್ಲ. ಈಚೆ ಬದಿ ಒಂದೇ ವೇಗದಲ್ಲಿ ತಿರುಗಿದರೂ, ಆಚೆ ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗುತ್ತದೆ. ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕ್ರಾಸ್ ಈ ಏರಿಳಿತವನ್ನು ತಿರುಗಿಸಿ ಅಳಿಸುತ್ತದೆ. ಆದರೆ ಅದಕ್ಕೆ ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿದುಕೊಳ್ಳುವ ಕಿವಿಗಳು ಒಂದೇ ಸಾಲಿನಲ್ಲಿರಬೇಕು, ಎರಡೂ ಕಡೆಯ ಓರೆ ಸಮ ಇರಬೇಕು. ಸಾಲು ತಪ್ಪಿದರೆ ಏರಿಳಿತ ಪೂರ್ತಿ ಅಳಿಯುವುದಿಲ್ಲ, ಉಳಿದದ್ದು ಪಿನಿಯನ್ನಿಗೆ ಹೊಡೆಯುತ್ತದೆ. ನನ್ನ ಜೀಪಿನ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. 60ರ ವೇಗದಲ್ಲಿ ಚಕ್ರ ನಿಮಿಷಕ್ಕೆ 445 ಸುತ್ತಿನ ಹತ್ತಿರ ಹೊಡೆದರೆ ಶಾಫ್ಟ್ ಸುಮಾರು 2,400 ಸುತ್ತು. ಪ್ರತಿ ಸುತ್ತಿಗೂ ಎರಡು ಏಟು ಅಂದರೆ ಸೆಕೆಂಡಿಗೆ 80.

ಗಾಡಿ ನಡುಗತೊಡಗಿದಾಗ ನಾನೋ, ಕ್ರಾಸ್ ಹೊಸದು, ಶಾಫ್ಟ್ ನಾನೇ ಸರಿ ಮಾಡಿದ್ದು, ಅದರಲ್ಲಿ ತಪ್ಪಿರಲಾರದು ಅಂತ ನಂಬಿ ಬೇರೆ ಕಡೆ ಹುಡುಕಿದೆ. ಟೈರ್ ಬ್ಯಾಲೆನ್ಸ್, ಎಂಜಿನ್ ಮೌಂಟಿಂಗ್, ಕೊನೆಗೆ ಕ್ರೌನ್ ಪಿನಿಯನ್ ಹೊಸದು. 38,000 ರೂಪಾಯಿ ಹೋಯಿತು. ನಡುಕ ಹಾಗೇ ಇತ್ತು. ಅಷ್ಟರಲ್ಲಿ ಪಿನಿಯನ್ ಆಯಿಲ್ ಸೀಲ್ ಎರಡು ಸಲ ಸೋರಿತು.

ಹಾಸನದಲ್ಲಿ ಒಬ್ಬ ಲೇತ್ ಅಂಗಡಿಯ ಹಿರಿಯರು ಶಾಫ್ಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಂದೂಕು ಗುರಿ ಹಿಡಿದಂತೆ ನೋಡಿದರು. "ಏನ್ ಗೌಡ್ರೇ, ಈ ಕಿವಿಗೂ ಆ ಕಿವಿಗೂ ಸಾಲೇ ಇಲ್ವಲ್ಲ" ಅಂದರು. ಬಿಚ್ಚಿ ತಿರುಗಿಸಿ ಹಾಕಲು ಇಪ್ಪತ್ತು ನಿಮಿಷ. ದುಡ್ಡು ತಗೊಳ್ಳಲಿಲ್ಲ. ವಾಪಸ್ ಬರುವಾಗ ಬೇಲೂರು ರಸ್ತೆಯಲ್ಲಿ 70ರವರೆಗೂ ಓಡಿಸಿದೆ, ಸ್ಟೀರಿಂಗ್ ಅಲುಗಲಿಲ್ಲ.

ನಿಮ್ಮ ಗಾಡಿ ಎತ್ತರ ಮಾಡಿದವರು ಶಾಫ್ಟ್ ಬಿಚ್ಚಿರುವ ಸಾಧ್ಯತೆ ಜಾಸ್ತಿ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಅದಕ್ಕೂ ಮೊದಲು ರಿಮ್ಮಿನ ಒಳಬದಿಯ ಕೆಸರು ಪೂರ್ತಿ ತೊಳೆಯಿರಿ, ಒಣಗಿದ ಕೆಂಪು ಮಣ್ಣೇ ಚಕ್ರವನ್ನು ಕುಣಿಸುತ್ತದೆ. ಆಮೇಲೆ ಖಾಲಿ ನೇರ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲಿ ನ್ಯೂಟ್ರಲ್ ಮಾಡಿ. ನಡುಕ ನಿಂತುಹೋದರೆ ಎಂಜಿನ್ ಕಡೆ ನೋಡಿ. ಹಾಗೇ ಉಳಿದರೆ ಚಕ್ರ ಅಥವಾ ಶಾಫ್ಟ್. ಚಕ್ರದ್ದು ನಿಧಾನದ ಅಲುಗಾಟ, ಶಾಫ್ಟಿನದು ಸಣ್ಣಗೆ ಝುಂ ಅನ್ನುವ ನಡುಕ. ಕ್ರೌನ್ ಪಿನಿಯನ್ ಹೋಗಿದ್ದರೆ ಸಾಮಾನ್ಯವಾಗಿ ನಡುಕಕ್ಕಿಂತ ಮೊದಲು ಊಳಿಡುವ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ನೀವು ಆ ಸದ್ದಿನ ಮಾತೇ ಎತ್ತಿಲ್ಲ. ಹಾಗಿರುವಾಗ ಹೌಸಿಂಗ್ ಯಾಕೆ?

ಕಿವಿಯ ಸಾಲು ಸರಿ ಇದ್ದರೆ ಮಾತ್ರ ಓರೆ ಅಳೆಯಿರಿ. ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನ ಹಿಂದೆ ಶಾಫ್ಟಿಗೆ ತಿರುವು ಕೊಡುವ ಪೆಟ್ಟಿಗೆ) ಹಿಂದಿನ ಮೂತಿಯೂ ಪಿನಿಯನ್ ಮೂತಿಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಫೋನಿನ ಲೆವೆಲ್ ಸಾಕು. ಉದ್ದದ ಶ್ಯಾಕಲ್ (ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತರಿಸಿದ್ದರೆ ಪಿನಿಯನ್ ಓರೆ ಬದಲಾಗಿಯೇ ಇರುತ್ತದೆ. ಕಮಾನು ಪಟ್ಟಿಗೂ ಹೌಸಿಂಗ್‌ಗೂ ನಡುವೆ ಕಬ್ಬಿಣದ ಬೆಣೆ ಕೊಟ್ಟು ಅದನ್ನು ಸರಿ ಮಾಡಬಹುದು. ತೋಟದ ದಾರಿಗೆ ಮಾತ್ರ ಆದರೆ ಎತ್ತರವನ್ನೇ ವಾಪಸ್ ಇಳಿಸಿ ಅನ್ನುತ್ತೇನೆ ನಾನು. ಒಳ್ಳೆ ಟೈರ್ ಹಾಕಿದರೆ ನಮ್ಮ ಕಡೆಯ ಕೆಸರಿಗೆ ಸಾಕು.

ಶಾಫ್ಟ್ ಬಿಚ್ಚುವ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ಶಾಫ್ಟ್ ಕಳಚಿದ ಕೂಡಲೇ ಹಿಂದಿನ ಚಕ್ರವನ್ನು ಅದು ಹಿಡಿಯುವುದಿಲ್ಲ, ನೀವು ಗಾಡಿಯ ಅಡಿಯಲ್ಲೇ ಮಲಗಿರುತ್ತೀರಿ.